ಹಳೆಯ ಕಾಲೇಜು, ಹಾಸ್ಟೆಲು ಮತ್ತು ನೆನಪಿನ ಹಕ್ಕು

ಕನ್ನಡದಲ್ಲಿ ಕಾಲೇಜಿನ ನೆನಪು ಎನ್ನುವುದು ಒಂದು ಸಾಹಿತ್ಯ ಪ್ರಕಾರವೇ ಆಗಿ ಬೆಳೆದಿದೆ. ಮೈಸೂರಿನ ಮಹಾರಾಜಾ ಕಾಲೇಜಿನ ಪಡಸಾಲೆ, ಪೇಟ ಸುತ್ತಿದ ಪ್ರಾಧ್ಯಾಪಕರು, ಕುಕ್ಕರಹಳ್ಳಿ ಕೆರೆಯ ಏರಿಯ ಸಂಜೆಗಳು, ಗೆಳೆಯರ ಕಾಫಿ, ಇವೆಲ್ಲ ನಮ್ಮ ಆತ್ಮಕಥೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ನೆನಪುಗಳಿಗೆಲ್ಲ ಕಿರೀಟದಂತಿರುವುದು 1921ರ ಒಂದು ಪ್ರಸಂಗ. 1918ರಿಂದ ಅಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಎಸ್. ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿಗೆ ಹೂವು ಕಟ್ಟಿ, ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ಹೋಗಿ ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬಂದರು ಅಂತ ಎಲ್ಲರೂ ಹೇಳುತ್ತಾರೆ. ಗುರುಭಕ್ತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲವೆಂಬಂತೆ ನಮ್ಮ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದಾರೆ.

ನನ್ನ ಪ್ರಶ್ನೆ ಬಹಳ ಸಣ್ಣದು. ಆ ಸಾರೋಟು ಎಳೆದ ಹುಡುಗರು ಆವತ್ತು ರಾತ್ರಿ ಊಟಕ್ಕೆ ಎಲ್ಲಿಗೆ ಹೋದರು? ಎಲ್ಲಿ ಮಲಗಿದರು?

ಕ್ಷುಲ್ಲಕ ಪ್ರಶ್ನೆ ಅನ್ನಿಸಬಹುದು. ಆದರೆ ನಮ್ಮ ಶಿಕ್ಷಣದ ಚರಿತ್ರೆಯ ಒಳಗುಟ್ಟು ಇರುವುದು ಈ ಪ್ರಶ್ನೆಯಲ್ಲೇ. ಬಡ ಬ್ರಾಹ್ಮಣರ ಹುಡುಗನಿಗೆ ವಾರಾನ್ನದ ಮನೆಗಳಿದ್ದವು. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿಕೊಂಡವು. ಹಳ್ಳಿಯ ಹುಡುಗರು ಪಟ್ಟಣದಲ್ಲಿ ನಿಂತು ಓದುವುದು ಹೇಗೆ ಎಂಬ ಚಿಂತೆ ಇಂಥ ಸಂಘಗಳನ್ನು ಕಾಡಿತು, ಜಾತಿಗೊಂದು ಹಾಸ್ಟೆಲು ಎದ್ದಿತು. ಮಲೆನಾಡಿನ ಶೂದ್ರ ಮನೆತನದಿಂದ ಬಂದ ಕುವೆಂಪು ಅವರಿಗೆ ಮಹಾರಾಜಾ ಕಾಲೇಜಿನ ದಿನಗಳಲ್ಲಿ ರಾಮಕೃಷ್ಣಾಶ್ರಮವೇ ಮನೆಯಾಯಿತು. ಅಂದರೆ ಕಾಲೇಜಿನ ಬಾಗಿಲು ಎಲ್ಲರಿಗೂ ಒಂದೇ ಇದ್ದರೂ ಆ ಬಾಗಿಲಿನವರೆಗೆ ಬರಬೇಕಾದ ಹುಡುಗನಿಗೆ ಮೊದಲು ಒಂದು ತಟ್ಟೆ, ಒಂದು ಚಾಪೆ ಬೇಕಿತ್ತು. ಅದನ್ನು ಕೊಡುತ್ತಿದ್ದದ್ದು ಜಾತಿ. ಅದೇ 1918ರಲ್ಲಿ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರ ಪಾಲೆಷ್ಟು ಎಂಬ ಪ್ರಶ್ನೆ ಅದರ ಮುಂದಿತ್ತು. ಅಧಿಕೃತ ಚರಿತ್ರೆಯಲ್ಲಿ ಒಂದು ರಾಜಕೀಯದ ಅಧ್ಯಾಯ, ಇನ್ನೊಂದು ಸಂಸ್ಕೃತಿಯ ಅಧ್ಯಾಯ. ಒಂದೇ ವರ್ಷದ ಈ ಎರಡು ಸಂಗತಿಗಳನ್ನು ನಾವು ಒಟ್ಟಿಗೆ ಓದಿದ್ದೇ ಇಲ್ಲ.

ನಾನು ದೋಣಿಗಲ್ ಸೀಮೆಯವನು. ಸಕಲೇಶಪುರದಿಂದ ಘಟ್ಟದ ಕಡೆ ಹೊರಟರೆ ಹೆದ್ದಾರಿಯ ಪಕ್ಕದಲ್ಲೇ ನಮ್ಮೂರು. ಮೇಲೆ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ಮಂಜರಾಬಾದ್ ಕೋಟೆ, ಕೆಳಗೆ ರೈಲು. 1979ರಲ್ಲಿ ಹಾಸನ-ಮಂಗಳೂರು ರೈಲು ಶುರುವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರಿಗೆ 57 ಸುರಂಗ, 109 ಸೇತುವೆ. ಇಷ್ಟು ಬಂಡೆ ಕೊರೆದ ಈ ಸೀಮೆಯಲ್ಲಿ ತೋಟದ ಲೈನುಮನೆಯ ಮಗುವೊಂದು ಕಾಲೇಜಿನವರೆಗೆ ಹೋಗುವ ದಾರಿ ಹೇಗಿತ್ತು?

ಇಲ್ಲಿನ ಕಾಫಿಯ ಚರಿತ್ರೆ ಬರೆದವರು ಆರ್.ಎಚ್. ಎಲಿಯಟ್‌ನ ಹೆಸರು ಹೇಳದೆ ಬಿಡುವುದಿಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ಬಿಳಿಯ ಈತ. 1871ರಲ್ಲಿ ಪ್ರಕಟವಾದ ತನ್ನ ಅನುಭವದ ಪುಸ್ತಕದಲ್ಲಿ ಜಾತಿಪದ್ಧತಿ ಹಳ್ಳಿಗಾಡಿನ ಜನಕ್ಕೆ ಒಳ್ಳೆಯದನ್ನೇ ಮಾಡಿದೆ ಎಂದು ವಾದಿಸಿದ. ಇದರಲ್ಲಿ ಆಶ್ಚರ್ಯವೇನಿಲ್ಲ. ಆಳುಗಳು ಆಳುಗಳಾಗಿಯೇ ಉಳಿಯುವ ವ್ಯವಸ್ಥೆ ತೋಟದ ಮಾಲೀಕನಿಗೆ ಯಾಕೆ ಬೇಡವಾಗುತ್ತದೆ? ಮುಂದೆ ಸ್ವತಂತ್ರ ಭಾರತದಲ್ಲಿ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ತೋಟದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ಓದಿಗೆ ಏರ್ಪಾಡು ಮಾಡುವಂತೆ ಮಾಲೀಕರಿಗೆ ವಿಧಿಸಲು ಅದು ಅವಕಾಶ ಕೊಟ್ಟಿತ್ತು. ಹನ್ನೆರಡರ ಮೇಲೆ? ಕಾಯ್ದೆ ಅಲ್ಲಿಗೆ ಸುಮ್ಮನಾಗುತ್ತದೆ. ಹನ್ನೆರಡು ದಾಟಿದ ಕೈ ಹಣ್ಣು ಬಿಡಿಸಲು ಬರುತ್ತದಲ್ಲ! ಅಲ್ಲಿಂದ ಮುಂದಿನ ಸೇತುವೆ ಯಾವುದು ಅಂದರೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು. ನಮ್ಮ ಕಡೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ನನ್ನಂಥ ಎಷ್ಟೋ ಹುಡುಗ ಹುಡುಗಿಯರು ಆ ಸೇತುವೆಯ ಮೇಲೇ ನಡೆದುಹೋದವರು. ಕಾಲೇಜಿನ ಚರಿತ್ರೆಯನ್ನು ಕಟ್ಟಡದಿಂದ ಶುರುಮಾಡುವ ಬದಲು ಹಾಸ್ಟೆಲಿನಿಂದ ಶುರುಮಾಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇಲ್ಲಿ ಬಾಬಾಸಾಹೇಬರ ಬದುಕಿನ ಮೂರು ಜಾಗಗಳನ್ನು ನೆನೆಯೋಣ. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. 1917ರಲ್ಲಿ ನೌಕರಿಗೆಂದು ಬರೋಡಾಕ್ಕೆ ಬಂದರೆ ತಂಗಲು ಜಾಗವಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ತಂಗುದಾಣದಲ್ಲಿ ಉಳಿದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ವಿದೇಶದ ಐದು ವರ್ಷಗಳು ತಾನು ಅಸ್ಪೃಶ್ಯ ಎಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಬಿಟ್ಟಿದ್ದವು ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಊರಿಗೆ ಬಂದ ತಕ್ಷಣ ಅದನ್ನು ಮತ್ತೆ ಬರೆದುಕೊಟ್ಟರು ನಮ್ಮ ಜನ. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರಾದರು. ಅಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಿಂದಲೇ ಆಕ್ಷೇಪ ಬಂತು. ಇತ್ತ ಮೈಸೂರಿನಲ್ಲಿ ರಾಧಾಕೃಷ್ಣನ್ ಪಾಠ ಶುರುಮಾಡಿದ್ದೂ ಅದೇ ವರ್ಷ. ಒಬ್ಬ ಪ್ರೊಫೆಸರಿಗೆ ಸಾರೋಟು, ಇನ್ನೊಬ್ಬ ಪ್ರೊಫೆಸರಿಗೆ ನೀರಿಗೂ ತಕರಾರು.

1930ರಲ್ಲಿ ಕೊಲಂಬಿಯಾದ ಹಳೆಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಅಂಬೇಡ್ಕರ್ ತಮ್ಮ ಬದುಕಿನ ಅತ್ಯುತ್ತಮ ಗೆಳೆಯರ ಸಾಲಿನಲ್ಲಿ ಅಲ್ಲಿನ ಸಹಪಾಠಿಗಳನ್ನೂ ಜಾನ್ ಡ್ಯೂಯಿ, ಸೆಲಿಗ್ಮನ್ ಮೊದಲಾದ ಗುರುಗಳನ್ನೂ ನೆನೆದರು. 1952ರ ಜೂನ್ 5ರಂದು ಗೌರವ ಡಾಕ್ಟರೇಟ್ ಪಡೆಯಲು ಅವರು ತಮ್ಮ ಹಳೆಯ ಕ್ಯಾಂಪಸ್ಸಿಗೆ ಹೋದರು. ಡ್ಯೂಯಿಯನ್ನು ನೋಡಬೇಕೆಂಬ ಆಸೆಯಿತ್ತು. ಅವರು ದಾರಿಯಲ್ಲಿರುವಾಗಲೇ, ಜೂನ್ 1ರಂದು, ಡ್ಯೂಯಿ ತೀರಿಕೊಂಡರು. ತಮ್ಮ ಬೌದ್ಧಿಕ ಬದುಕೆಲ್ಲ ಆ ಗುರುವಿನ ಋಣ ಎಂದು ನ್ಯೂಯಾರ್ಕಿನಿಂದ ಸವಿತಾ ಅವರಿಗೆ ಬರೆದ ಕಾಗದದಲ್ಲಿ ಹೇಳಿದರು. ಅಂಬೇಡ್ಕರರ ಬರಹದಲ್ಲಿ ಹಳೆಯ ಜಾಗವೊಂದರ ಹಂಬಲ ಕಾಣಿಸುವುದು ಬಹಳ ಅಪರೂಪ. ಬರೋಡಾದ ಬಗ್ಗೆ ಹಂಬಲವಿಲ್ಲ, ಸಿಡನ್‌ಹ್ಯಾಂ ಬಗ್ಗೆಯೂ ಇಲ್ಲ. ಕೊಲಂಬಿಯಾದ ಬಗ್ಗೆ ಇದೆ. ಹಾಗಂತ ಅಮೆರಿಕ ಸಮಾನತೆಯ ಸ್ವರ್ಗವೇನಲ್ಲ. ಅದೇ ವಿಶ್ವವಿದ್ಯಾಲಯದ ಮಗ್ಗುಲಿನ ಹಾರ್ಲೆಮ್‌ನಲ್ಲಿದ್ದ ಕರಿಯರಿಗೆ ಆ ದೇಶ ಬೇರೆಯೇ ಮುಖ ತೋರಿಸುತ್ತಿತ್ತು. ಆದರೂ ಅಂಬೇಡ್ಕರ್ ಎಂಬ ವಿದ್ಯಾರ್ಥಿ ಅಲ್ಲಿ ಮನುಷ್ಯನಾಗಿ ಕೂತು ಓದಿದ್ದ.

ಇದರಿಂದ ನನಗೆ ತೋಚುವ ಮಾತು ಇಷ್ಟು: ಹಳೆಯ ಕಾಲೇಜಿನ ಹಂಬಲ ಬರೀ ಭಾವುಕತೆಯಲ್ಲ, ಅದೊಂದು ಅಳತೆಗೋಲು. ಮನುಷ್ಯನೆಂದು ನಡೆಸಿಕೊಂಡ ಜಾಗಕ್ಕೆ ಮಾತ್ರ ಮನಸ್ಸು ವಾಪಸು ಹೋಗುತ್ತದೆ. ಯಾರಿಗೆ ಯಾವ ಜಾಗದ ಹಂಬಲ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಪಟ್ಟಿ ಮಾಡಿದರೆ ನಮ್ಮ ವಿದ್ಯಾಸಂಸ್ಥೆಗಳ ನಿಜವಾದ ಚರಿತ್ರೆ ಸಿಗುತ್ತದೆ.

ಈ ಅಳತೆಗೋಲು ಹಿಡಿದು 1973ಕ್ಕೆ ಬರೋಣ. ಆ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಮುಂದಿನದು ಎಲ್ಲರಿಗೂ ಗೊತ್ತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಸಾಹಿತ್ಯ ಚರಿತ್ರೆಕಾರರು ಇದನ್ನು ‘ಬೂಸಾ ವಾಗ್ವಾದ’ ಎಂದು ಕರೆದು ಸಾಹಿತ್ಯದ ಚರ್ಚೆಯಾಗಿ ಮುಗಿಸುತ್ತಾರೆ. ಆದರೆ ಪೆಟ್ಟು ಬಿದ್ದದ್ದು ಯಾರಿಗೆ? ಮೈಸೂರು, ಬೆಂಗಳೂರು ಮುಂತಾದ ಊರುಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ, ಅವರ ಹಾಸ್ಟೆಲುಗಳಿಗೆ. ಮಂತ್ರಿಯ ಮೇಲಿನ ಸಿಟ್ಟು ಹಾಸ್ಟೆಲಿನ ಮೇಲೆ ಯಾಕೆ ತಿರುಗಿತು? ಒಂದು ಕಾರಣ ಸರಳವಾಗಿದೆ. ತರಗತಿಯಲ್ಲಿ ಕೂತವನ ಜಾತಿ ಹಣೆಯ ಮೇಲೆ ಬರೆದಿರುವುದಿಲ್ಲ. ಹಾಸ್ಟೆಲಿನ ಬೋರ್ಡಿನ ಮೇಲೆ ಬರೆದಿರುತ್ತದೆ. ಅನ್ನ ಕೊಟ್ಟ ಜಾಗವೇ ವಿಳಾಸವನ್ನೂ ಕೊಟ್ಟಿತು.

ಆ ಪೆಟ್ಟಿಗೆ ಉತ್ತರವೂ ಅಲ್ಲಿಂದಲೇ ಬಂತು. ಒಂದೇ ಕೋಣೆಯಲ್ಲಿ ನಾಲ್ಕೈದು ಜಿಲ್ಲೆಯ ಹುಡುಗರು, ಒಬ್ಬರ ಊರಿನ ಕಥೆ ಇನ್ನೊಬ್ಬರಿಗೆ. ‘ನಮ್ಮೂರಲ್ಲೂ ಹಂಗೇ ಕಣಣ್ಣ’ ಎಂಬ ಮಾತು ಹುಟ್ಟಿದ್ದು ಅಲ್ಲಿ. ಅದು ಹುಟ್ಟದೆ ಸಂಘಟನೆ ಹುಟ್ಟುವುದಿಲ್ಲ. 1970ರ ದಶಕದ ನಡುವಿನಲ್ಲಿ, ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಾಗ ಅದರ ಬೆನ್ನಿಗೆ ನಿಂತ ಹುಡುಗರಲ್ಲಿ ಹಾಸ್ಟೆಲಿನಲ್ಲಿ ಉಂಡು ಓದಿದವರೇ ಎಷ್ಟೊಂದು ಮಂದಿ! ಮಹಾರಾಜಾ ಕಾಲೇಜಿನ ಪಡಸಾಲೆ ನವೋದಯಕ್ಕೆ ಹೇಗೋ, ಹಾಸ್ಟೆಲಿನ ಕೋಣೆ ದಲಿತ ಚಳವಳಿಗೆ ಹಾಗೆ.

ಇತ್ತೀಚೆಗೆ ಒಂದು ಶನಿವಾರ-ಭಾನುವಾರ ನಮ್ಮ ಎಂ.ಎ. ಬ್ಯಾಚಿನವರೆಲ್ಲ ಮಾನಸಗಂಗೋತ್ರಿಯಲ್ಲಿ ಸೇರಿದೆವು. ನಾನು ದೋಣಿಗಲ್ಲಿನಿಂದ ಹೊರಟಾಗ ಎದುರಿಗೆ ಬೆಂಗಳೂರಿನ ಕಾರುಗಳ ಸಾಲು. ಅವರಿಗೆ ನಮ್ಮೂರು ಎರಡು ದಿನದ ಮಂಜು, ಕೋಟೆ, ಹೋಂಸ್ಟೇ. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ರೈಲಿನಲ್ಲಿ ಮೈಸೂರು ಸೇರಿದೆ. ಕುವೆಂಪು ಕುಲಪತಿಗಳಾಗಿದ್ದಾಗ ಕಟ್ಟಿ ಹೆಸರಿಟ್ಟ ಆ ಕ್ಯಾಂಪಸ್ಸಿನ ಮರಗಳ ಕೆಳಗೆ ನಡೆಯುವಾಗ ಯಾರಿಗಾದರೂ ಮನಸ್ಸು ಹಗುರಾಗುತ್ತದೆ, ನನಗೂ ಆಯಿತು. ಸಂಜೆ ಎಲ್ಲರೂ ಕೂತು ತಮಗೆ ಮರೆಯಲಾಗದ ಜಾಗ ಯಾವುದು ಅಂತ ಹೇಳಬೇಕೆಂದಾಯಿತು. ಮೈಸೂರಿನಲ್ಲೇ ಮನೆಯಿದ್ದವರು ಕ್ಯಾಂಟೀನು, ಕೆರೆ ಏರಿ ಅಂದರು. ಹಾಸ್ಟೆಲಿನಲ್ಲಿದ್ದ ನಾವು ಒಬ್ಬರ ಹಿಂದೆ ಒಬ್ಬರು ಮೆಸ್ಸಿನ ಮುದ್ದೆ, ಪರೀಕ್ಷೆ ಕಾಲದ ಮಧ್ಯರಾತ್ರಿಯ ಟೀ, ಸ್ಕಾಲರ್‌ಷಿಪ್ ಬಂದ ದಿನದ ಸಿನಿಮಾ ಅಂದೆವು. ಆಲೂರಿನ ಕಡೆಯ ಗೆಳತಿಯೊಬ್ಬಳು ಹೇಳಿದಳು: ‘ನಂದು ಅಂತ ಒಂದು ಮಂಚ, ಬೀಗ ಹಾಕೋ ಒಂದು ಪೆಟ್ಟಿಗೆ ನನಗೆ ಮೊದಲು ಸಿಕ್ಕಿದ್ದೇ ಹಾಸ್ಟೆಲಲ್ಲಿ ಕಣ್ರೋ. ಮದುವೆಯಾದ ಮೇಲೆ ಅದೂ ಇಲ್ಲ.’ ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ದಲಿತ ಹೆಣ್ಣುಮಗಳೊಬ್ಬಳಿಗೆ ವಿಶ್ವವಿದ್ಯಾಲಯ ಅಂದರೆ ಏನು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ವ್ಯಾಖ್ಯೆಯನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ.

ನಮ್ಮ ವಿಮರ್ಶೆಯ ಜತೆ ನನ್ನ ಜಗಳ ಇರುವುದು ಇಲ್ಲೇ. ದಲಿತ ನೆನಪು ಅಂದರೆ ಗಾಯ, ಅವಮಾನ, ಹಸಿವು ಎಂದು ನಾವು ಸೂತ್ರ ಮಾಡಿಕೊಂಡಿದ್ದೇವೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂದಾಗಿನಿಂದ ಆತ್ಮಕಥೆಗಳನ್ನು ಗಾಯದ ದಾಖಲೆಗಳೆಂದೇ ಓದುತ್ತ ಬಂದಿದ್ದೇವೆ. ಗಾಯ ನಿಜ. ಅದನ್ನು ಹೇಳಲೇಬೇಕು. ಆದರೆ ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಹಾಸ್ಟೆಲಿನಲ್ಲಿ ನಗುವೂ ಇದೆಯಲ್ಲ, ಅದನ್ನೇನು ಮಾಡೋಣ? ಸಂತೋಷದ ನೆನಪೆಲ್ಲ ಮೇಲ್ಜಾತಿಯ ಸೊತ್ತು, ನಮಗೆ ನೋವು ಮಾತ್ರ ಎಂದು ಹಂಚಿಕೊಂಡರೆ ಅದು ಮತ್ತೊಂದು ವರ್ಣವ್ಯವಸ್ಥೆಯೇ ಆಗುತ್ತದೆ. ಹಂಬಲಿಸುವುದಕ್ಕೂ ನಮಗೆ ಹಕ್ಕಿದೆ. ಹಂಬಲ ಬಾರದ ಜಾಗವನ್ನು ಬೆರಳು ಮಾಡಿ ತೋರಿಸುವುದಕ್ಕೂ ಹಕ್ಕಿದೆ.

ಇದು ಕಳೆದುಹೋದ ಕಾಲದ ಮಾತೂ ಅಲ್ಲ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ನಾಲ್ವರು ದಲಿತ ಸಂಶೋಧಕರಿಗೆ ಕೊಟ್ಟ ಶಿಕ್ಷೆ ಯಾವುದು? ಹಾಸ್ಟೆಲಿನಿಂದ ಹೊರಗೆ ಹಾಕಿದ್ದು. ಅವರು ಕ್ಯಾಂಪಸ್ಸಿನ ಬಯಲಿನಲ್ಲಿ ಡೇರೆ ಹಾಕಿ ಅದಕ್ಕೆ ‘ವೆಲಿವಾಡ’ ಎಂದು ಹೆಸರಿಟ್ಟರು. ಊರಾಚೆಯ ಕೇರಿಗೆ ತೆಲುಗಿನಲ್ಲಿರುವ ಹೆಸರು ಅದು. 2016ರ ಜನವರಿ 17ರಂದು ರೋಹಿತ್ ಇಲ್ಲವಾದರು. ಬರೋಡಾದ ತಂಗುದಾಣದಿಂದ ಈ ಡೇರೆಯವರೆಗೆ ನೂರು ವರ್ಷ. ಕಲಿತವನಾದರೂ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಆದ್ದರಿಂದ ನಾವು ಮಾಡಬೇಕಾದ ಕೆಲಸ ಒಂದಿದೆ. ಪ್ರತಿ ತಾಲ್ಲೂಕಿನ ಹಾಸ್ಟೆಲಿನ ಚರಿತ್ರೆ ಬರೆಯಬೇಕು. ಅದಕ್ಕೆ ಬೇಕಾದ ಆಕರಗಳು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸಿಗುವುದಿಲ್ಲ. ದಾಖಲಾತಿ ರಿಜಿಸ್ಟರು, ಮೆಸ್ಸಿನ ಲೆಕ್ಕ, ಗೋಡೆಪತ್ರಿಕೆ, ಊರಿಗೆ ಬರೆದ ಕಾಗದ, ಅಡುಗೆ ಮಾಡಿದವರ ಬಾಯಿಮಾತು ಇವೇ ಆಕರಗಳು. 1973ರಲ್ಲಿ ಇಪ್ಪತ್ತರ ಹರೆಯದಲ್ಲಿ ಹಾಸ್ಟೆಲಿನೊಳಗಿದ್ದು ಕಲ್ಲೇಟು ತಿಂದವರಿಗೆ ಈಗ ಎಪ್ಪತ್ತು ದಾಟಿದೆ. ಅವರಲ್ಲಿ ಹಲವರು ಈಗಾಗಲೇ ಇಲ್ಲ. ಉಳಿದವರ ಹತ್ತಿರ ಹೋಗಿ ಕೂತು, ಪೆಟ್ಟಿನ ಕಥೆಯ ಜತೆಗೆ ಆವತ್ತು ಯಾರು ಯಾರ ಹಾಸಿಗೆಯಲ್ಲಿ ಮಲಗಿದರು, ಯಾರು ಯಾರಿಗೆ ಅನ್ನ ಎತ್ತಿಟ್ಟರು ಅಂತಲೂ ಕೇಳಬೇಕು. ಕನ್ನಡದ ಮೇಷ್ಟ್ರುಗಳು, ಎಂ.ಎ. ಓದುತ್ತಿರುವ ಹುಡುಗ ಹುಡುಗಿಯರು ತಮ್ಮ ತಮ್ಮ ತಾಲ್ಲೂಕಿನಲ್ಲಿ ಇದನ್ನು ಈ ವರ್ಷವೇ ಶುರುಮಾಡಬಹುದು. ಸಕಲೇಶಪುರ, ಆಲೂರು ತಾಲ್ಲೂಕುಗಳ ಹಾಸ್ಟೆಲುಗಳ ಕೆಲಸ ನನ್ನದು.