‘ಲಿಬರೇಟ್’: ಯಾರು, ಯಾರನ್ನು, ಯಾರಿಂದ?

ಸೆಪ್ಟೆಂಬರ್ 17 ಬಂತೆಂದರೆ ಹುಮನಾಬಾದಿನಲ್ಲೂ ಬಸವಕಲ್ಯಾಣದಲ್ಲೂ ಬಾವುಟ ಏರುತ್ತದೆ, ಭಾಷಣ ನಡೆಯುತ್ತದೆ. ಭಾಷಣದ ತುಂಬ ಒಂದೇ ಮಾತು: ವಿಮೋಚನೆ. ಇಂಗ್ಲಿಷಿನ ‘ಲಿಬರೇಟ್’ ಅನ್ನೋ ಕ್ರಿಯಾಪದಕ್ಕೆ ತೊಡಿಸಿದ ಸಂಸ್ಕೃತದ ಅಂಗಿ ಇದು. ನಮ್ಮ ಕಡೆ ಹಿರಿಯರು ಹೀಗೆ ಅನ್ನೋದಿಲ್ಲ, ‘ಪೊಲೀಸ್ ಆಕ್ಷನ್’ ಅಂತಾರೆ. ಅದೂ ಸರ್ಕಾರದ್ದೇ ಮಾತು. ಬಂದದ್ದು ಸೈನ್ಯ, ಹೆಸರು ಪೊಲೀಸರದ್ದು!

ಪದದ ಬೇರು ಲ್ಯಾಟಿನ್ನಿನಲ್ಲಿದೆ. ‘ಲೀಬೆರ್’ ಅಂದರೆ ಸ್ವತಂತ್ರ, ಗುಲಾಮನಲ್ಲದವನು. ಅದರಿಂದ ‘ಲೀಬೆರಾರೆ’, ಬಂಧನ ಬಿಡಿಸು ಅಂತ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಊರುಗಳನ್ನು ನಾಜಿಗಳಿಂದ ಬಿಡಿಸಿದ ಸೈನಿಕರೇ ಇದಕ್ಕೆ ಇನ್ನೊಂದು ಅರ್ಥ ಹಚ್ಚಿದರು. ಕಂಡವರ ವಸ್ತು ಎತ್ತಿಕೊಂಡು ಬಂದು ‘ಲಿಬರೇಟ್’ ಮಾಡಿದೆ ಅನ್ನೋರು. ತಮಾಷೆಗೆ ಆಡಿದ ಮಾತು, ಇವತ್ತು ನಿಘಂಟಿನಲ್ಲಿ ಕೂತಿದೆ.

ಈ ಕ್ರಿಯಾಪದವನ್ನು ವಾಕ್ಯದಲ್ಲಿ ಇಟ್ಟರೆ ಮೂರು ಪ್ರಶ್ನೆ ಏಳುತ್ತವೆ. ಯಾರು ಬಿಡಿಸಿದರು, ಯಾರನ್ನು, ಯಾರಿಂದ? ಮೊದಲನೆಯದಕ್ಕೆ ಉತ್ತರ ಸುಲಭ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೊರಟಿತು. ಸೊಲ್ಲಾಪುರದ ಕಡೆಯ ತುಕಡಿ ಹುಮನಾಬಾದಿನ ರಸ್ತೆ ಹಿಡಿದೇ ಹೈದರಾಬಾದಿಗೆ ಹೋಯಿತು. 17ಕ್ಕೆ ನಿಜಾಮ ಕದನವಿರಾಮ ಸಾರಿದ. ಅದೇ ವರ್ಷದ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಹರಿಸಿದ ರಕ್ತ ಕಂಡವರಿಗೆ ಇದು ಬಿಡುಗಡೆಯೇ. ಅದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ.

ಆದರೆ ವಾಕ್ಯ ಅಲ್ಲಿಗೆ ಮುಗಿಯಲಿಲ್ಲ. ಸೈನ್ಯ ಬಂದ ಮೇಲೆ ನಡೆದದ್ದನ್ನು ನೋಡಿಬರಲು ಪಂಡಿತ ಸುಂದರಲಾಲ್ ಸಮಿತಿ 1948ರ ನವೆಂಬರ್, ಡಿಸೆಂಬರಿನಲ್ಲಿ ಸಂಸ್ಥಾನ ತಿರುಗಿತು. ಸತ್ತವರು 27,000ದಿಂದ 40,000 ಅಂತ ಅದರ ಅಂದಾಜು, ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್, ಗುಲ್ಬರ್ಗಾ ಎರಡೂ ಇವೆ. ಲೂಟಿಯಲ್ಲಿ ಕೆಲವು ಕಡೆ ಸೈನಿಕರು, ಪೊಲೀಸರು ಕೈ ಹಾಕಿದ್ದನ್ನೂ ಸಮಿತಿ ಬರೆದಿದೆ. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನ ಓದುವಂತಾದದ್ದು 2013ರಲ್ಲಿ. ಗಂಡ, ಮಕ್ಕಳನ್ನು ಕಳಕೊಂಡ ಆ ಹೆಂಗಸರಿಗೆ ‘ಲಿಬರೇಟ್’ ಪದದ ಯಾವ ಅರ್ಥ ಹೇಳೋಣ? ಮೊದಲನೆಯದೋ, ಸೈನಿಕರ ತಮಾಷೆಯದೋ?

ಪದದ ಜಗಳ ಇನ್ನೂ ಮುಗಿದಿಲ್ಲ. ಕರ್ನಾಟಕ ಸರ್ಕಾರ 2019ರಲ್ಲಿ ವಿಮೋಚನಾ ದಿನವನ್ನು ‘ಕಲ್ಯಾಣ ಕರ್ನಾಟಕ ಉತ್ಸವ’ ಮಾಡಿತು. 2022ರಲ್ಲಿ ಹೈದರಾಬಾದಿನಲ್ಲಿ ಒಂದೇ ದಿನ ಕೇಂದ್ರ ಸರ್ಕಾರ ‘ವಿಮೋಚನೆ’ ಅಂದಿತು, ತೆಲಂಗಾಣ ಸರ್ಕಾರ ‘ಐಕ್ಯತೆ’ ಅಂದಿತು. ಎರಡೂ ಕುರ್ಚಿಯವರ ಜಗಳ.

ಕೇರಿಯವರು ಕೇಳಬೇಕಾದದ್ದು ಮೂರನೇ ಪ್ರಶ್ನೆ: ಯಾರಿಂದ? ನಿಜಾಮನಿಂದ ಅಂದರೆ ಅರ್ಧ ಉತ್ತರ. 1949ರಲ್ಲಿ ಜಾಗೀರುಗಳು ರದ್ದಾದವು, ಕಲ್ಯಾಣದ ನವಾಬನದ್ದೂ ಹೋಯಿತು. ಊರ ಗೌಡ, ಸಾಹುಕಾರ ಎಲ್ಲಿಗೂ ಹೋಗಲಿಲ್ಲ. ಬಿಟ್ಟಿ ಚಾಕರಿ ಹೋಗಲಿಲ್ಲ, ಸಾಲಕ್ಕೆ ಮಗನನ್ನು ಜೀತಕ್ಕೆ ಇಡೋದು ಹೋಗಲಿಲ್ಲ. ಟೋಪಿಗಳು ಬದಲಾದವು, ಬಾವಿಯ ಕಟ್ಟೆ ಬದಲಾಗಲಿಲ್ಲ. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ, ಆ ‘ವಿಮೋಚನೆ’ಯಾಗಿ 28 ವರ್ಷಕ್ಕೆ. ಗುಲಾಮನಲ್ಲದವನು ಅನ್ನೋ ಮೂಲ ಅರ್ಥ ಸರಿಯಾಗಿ ಕೂಡುವುದು ಇಲ್ಲೇ. ಆದರೆ ಜೀತದಿಂದ ಬಂದವನ ಕೈಗೆ ಅಧಿಕಾರಿ ಕೊಡುವ ಕಾಗದದಲ್ಲಿ ‘ಲಿಬರೇಟ್’ ಇಲ್ಲ. ಅದರ ಹೆಸರು ‘ರಿಲೀಸ್ ಸರ್ಟಿಫಿಕೇಟ್’. ಜೈಲಿನಿಂದ ಕೈದಿ ಹೊರಬಂದಾಗ ಬರೆಯುವ ಮಾತೂ ಅದೇ.