ಈ ನೆಲದವರು ಯಾರು?

ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾವಂತ ಯುವಜನರಿಗೆ ಕೆನಡಾ ಎಂಬ ಹೆಸರು ಇಂದು ಅಪರಿಚಿತವಲ್ಲ. ವಲಸೆಯ ಕುರಿತು ಕಾನೂನು ಮಾಡುವ ಅಧಿಕಾರವನ್ನು ಆ ದೇಶದ ೧೮೬೭ರ ಸಂವಿಧಾನವೇ ಕೇಂದ್ರಕ್ಕೂ ಪ್ರಾಂತ್ಯಗಳಿಗೂ ಹಂಚಿಕೊಟ್ಟಿತ್ತು. ಆದರೂ ಹೊರಗಿನಿಂದ ಬಂದವರಲ್ಲಿ ಬಹುಪಾಲು ಜನ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್ ನಗರಗಳಲ್ಲಿಯೇ ನೆಲೆಯೂರುತ್ತಿದ್ದರು. ಒಳನಾಡಿನ ಪ್ರಾಂತ್ಯಗಳಿಗೆ ದುಡಿಯುವ ಕೈಗಳು ಸಾಲುತ್ತಿರಲಿಲ್ಲ. ಆದುದರಿಂದ ಮ್ಯಾನಿಟೋಬ ಪ್ರಾಂತ್ಯವು ೧೯೯೬ರಲ್ಲಿ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು, ೧೯೯೮ರಿಂದ ತನಗೆ ಬೇಕಾದವರನ್ನು ತಾನೇ ಆರಿಸಿ ಹೆಸರಿಸತೊಡಗಿತು. ಇತರ ಪ್ರಾಂತ್ಯಗಳೂ ಈ ದಾರಿ ಹಿಡಿದವು. ಕ್ವಿಬೆಕ್ ಮಾತ್ರ ತನ್ನದೇ ವ್ಯವಸ್ಥೆಯನ್ನು ಉಳಿಸಿಕೊಂಡಿತು. ಹೆಸರಿಸುವುದು ಪ್ರಾಂತ್ಯ, ಆರೋಗ್ಯ, ಭದ್ರತೆಗಳನ್ನು ಪರಿಶೀಲಿಸಿ ಕಾಯಂ ವಾಸದ ಹಕ್ಕನ್ನು ಕೊಡುವುದು ಕೇಂದ್ರ. ಅರ್ಜಿದಾರನು ಆ ಪ್ರಾಂತ್ಯದಲ್ಲಿಯೇ ನೆಲೆಸುವ ಇಚ್ಛೆಯನ್ನು ತೋರಬೇಕು.

ನಾಡೊಂದು ತನ್ನವರು ಯಾರೆಂದು ಕಾಗದದ ಮೇಲೆ ತೀರ್ಮಾನಿಸುವ ಈ ಕ್ರಮವು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ೧೮೫೮ರ ದಂಗೆಯ ನಂತರ ಬ್ರಿಟಿಷರು ಸುರಪುರವನ್ನು ೧೮೬೦ರಲ್ಲಿ ನಿಜಾಮನಿಗೆ ಒಪ್ಪಿಸಿದರು. ಅಲ್ಲಿನ ಜನ ಒಂದು ಹೆಜ್ಜೆಯನ್ನೂ ಇಡದೆ ಬೇರೊಬ್ಬ ಅರಸನ ಪ್ರಜೆಗಳಾದರು. ಅದೇ ಕಾಲದಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಆಡಳಿತ ಸುಧಾರಣೆಗೆಂದು ಉತ್ತರ ಹಿಂದುಸ್ಥಾನದ ವಿದ್ಯಾವಂತರನ್ನು ಕರೆಸಿಕೊಂಡಿದ್ದನು. ಹೊರಗಿನವರು ಹುದ್ದೆಗಳನ್ನು ತುಂಬಿದಾಗ ಒಳಗಿನವರ ಅಸಮಾಧಾನ ಬೆಳೆಯಿತು. ೧೯೧೯ರಲ್ಲಿ ನಿಜಾಮ ಸರಕಾರವು ಮುಲ್ಕಿ ನಿಯಮಗಳನ್ನು ಹೊರಡಿಸಿತು. ಮುಲ್ಕಿ ಎಂದರೆ ನಾಡಿನವನು. ಹೊರಗಿನಿಂದ ಬಂದವನು ಮುಲ್ಕಿಯಾಗಬೇಕಾದರೆ ಹದಿನೈದು ವರ್ಷ ಸಂಸ್ಥಾನದಲ್ಲಿ ವಾಸಿಸಿರಬೇಕು. ಅಷ್ಟೇ ಅಲ್ಲ, ಹುಟ್ಟೂರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಪ್ರಮಾಣಪೂರ್ವಕವಾಗಿ ತಿಳಿಸಬೇಕು. ವರ್ಷಗಳನ್ನು ಎಣಿಸುವುದು ಸುಲಭ. ಮನಸ್ಸು ಊರನ್ನು ಬಿಟ್ಟಿದೆಯೆಂದು ಬಲ್ಲವರು ಯಾರು?

೧೯೫೬ರ ನವೆಂಬರ್ ೧ರಂದು ಈ ತಾಲ್ಲೂಕುಗಳು ಕಲಬುರಗಿ ಜಿಲ್ಲೆಯ ಜೊತೆಗೆ ಮೈಸೂರು ರಾಜ್ಯವನ್ನು ಸೇರಿದವು. ಮುಂದೆ ಇಲ್ಲಿಗೆ ಹೊಸಬರನ್ನು ಕರೆತಂದದ್ದು ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದಿತು. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಎರೆಭೂಮಿಗೆ ಹರಿಯಿತು. ಮಳೆಯನ್ನು ನಂಬಿ ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದ ನೆಲಕ್ಕೆ ಭತ್ತ ಬಂದಿತು. ಭತ್ತದ ಬೇಸಾಯವನ್ನು ಬಲ್ಲ ಆಂಧ್ರದ ರೈತರು ಜಮೀನು ಕೊಂಡು, ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಅವರನ್ನು ಯಾವ ಸರಕಾರವೂ ಹೆಸರಿಸಿ ಕರೆದಿರಲಿಲ್ಲ.

ಮುಲ್ಕಿಯ ಪ್ರಶ್ನೆ ಮತ್ತೆ ತಲೆಯೆತ್ತಿದ್ದು ನಮ್ಮ ಕಾಲದಲ್ಲಿ. ಶತಮಾನದ ಹಿಂದುಳಿಯುವಿಕೆಗೆ ಪರಿಹಾರವಾಗಿ ಸಂಸತ್ತು ೨೦೧೨ರಲ್ಲಿ ಸಂವಿಧಾನಕ್ಕೆ ೯೮ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ೩೭೧ಜೆ ವಿಧಿ ಹುಟ್ಟಿತು. ಈ ಪ್ರದೇಶದಲ್ಲಿ ಜನಿಸಿದವರಿಗೆ, ಇಲ್ಲವೆ ಹತ್ತು ವರ್ಷ ನೆಲೆಸಿದವರಿಗೆ ಸ್ಥಳೀಯ ವ್ಯಕ್ತಿಯೆಂಬ ಪ್ರಮಾಣಪತ್ರ. ಅದರ ಬಲದಿಂದ ಶಿಕ್ಷಣದಲ್ಲಿಯೂ ಸರಕಾರಿ ಉದ್ಯೋಗದಲ್ಲಿಯೂ ಮೀಸಲಾತಿ. ನಮ್ಮ ಮಕ್ಕಳಲ್ಲಿ ಅನೇಕರು ವೈದ್ಯರೂ ಇಂಜಿನಿಯರರೂ ಆಗಲು ಇದು ಬಾಗಿಲು ತೆರೆಯಿತು. ನ್ಯಾಯವಾಗಿ ಸಲ್ಲಬೇಕಾದದ್ದೇ ಸಂದಿತು.

ಆದರೆ ಈ ಚರಿತ್ರೆಯ ಯಾವ ಪುಟದಲ್ಲಿಯೂ ಹೆಸರು ಸಿಗದ ಜನರಿದ್ದಾರೆ. ಕಾಲುವೆ ತಲುಪದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಸುಗ್ಗಿ ಮುಗಿದೊಡನೆ ಗುಳೆ ಹೊರಡುವವರು ಅವರು. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು ೧೯೭೯ರಲ್ಲಿ ಬಂದ ಕಾಯ್ದೆಯು ಗುತ್ತಿಗೆದಾರನು ಪ್ರತಿಯೊಬ್ಬ ಕೂಲಿಗೂ ಭಾವಚಿತ್ರವುಳ್ಳ ಪಾಸ್‌ಬುಕ್ ಕೊಡಬೇಕೆಂದು ವಿಧಿಸಿತ್ತು. ಯಾದಗಿರಿಯಿಂದ ಬೆಂಗಳೂರಿಗೆ ಹೋದವನು ರಾಜ್ಯದ ಗಡಿಯನ್ನು ದಾಟುವುದಿಲ್ಲ. ಆದುದರಿಂದ ಆ ಕಾಯ್ದೆಯ ಕಣ್ಣಿಗೆ ಅವನು ವಲಸಿಗನೇ ಆಗಿರಲಿಲ್ಲ. ೨೦೨೦ರ ಲಾಕ್‌ಡೌನಿನಲ್ಲಿ ಇಂಥವರು ಗಂಟುಮೂಟೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಊರ ದಾರಿ ಹಿಡಿದಾಗ ನಾಡು ಅವರನ್ನು ಕಂಡಿತು. ವರ್ಷದ ಅರ್ಧ ಕಾಲ ಪರಸ್ಥಳದಲ್ಲಿರುವ ಮನೆಗೆ ವಾಸದ ದಾಖಲೆ, ಶಾಲೆಯ ದಾಖಲೆಗಳನ್ನು ಕೂಡಿಸುವುದೂ ಸುಲಭವಲ್ಲ. ಯಾರ ಏಳಿಗೆಗಾಗಿ ಸ್ಥಳೀಯ ಪ್ರಮಾಣಪತ್ರ ಬಂದಿತೋ ಅವರಿಗೇ ಅದು ದೂರವಾಗಬಾರದು.

ಮ್ಯಾನಿಟೋಬ ಹೆಸರಿಸಿದ ವ್ಯಕ್ತಿ ಕಾಯಂ ವಾಸಿಯಾದ ಮೇಲೆ, ಅಲ್ಲಿನ ೧೯೮೨ರ ಹಕ್ಕುಗಳ ಸನ್ನದಿನಂತೆ, ಯಾವ ಪ್ರಾಂತ್ಯಕ್ಕಾದರೂ ಹೋಗಿ ದುಡಿಯಬಹುದು. ಹೋದಲ್ಲೆಲ್ಲ ಅವನ ಹಕ್ಕು ಅವನ ಜೊತೆಯಲ್ಲಿ ನಡೆಯುತ್ತದೆ. ನಮ್ಮ ಗುಳೆಯವನಿಗೂ ಭಾರತ ಸಂವಿಧಾನದ ೧೯ನೆಯ ವಿಧಿಯು ದೇಶದಲ್ಲಿ ಎಲ್ಲಿಯಾದರೂ ನೆಲೆಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದರೆ ಹೋದ ಊರಿನಲ್ಲಿ ಅವನ ಹೆಸರನ್ನು ಬರೆದುಕೊಳ್ಳುವವರು, ಅವನ ಮಗುವನ್ನು ಶಾಲೆಗೆ ಸೇರಿಸುವವರು, ಮರಳಿ ಬಂದಾಗ ಇವನು ನಮ್ಮವನೆಂದು ಸಹಿ ಹಾಕುವವರು ಬೇಕು. ಹದಿನೈದು ವರ್ಷ, ಹತ್ತು ವರ್ಷ ಎಂದು ಲೆಕ್ಕವಿಟ್ಟ ಈ ನಾಡು, ಊರಿಗೆ ಮರಳುವ ವಿಚಾರವನ್ನು ಎಂದೂ ಬಿಡದ ಇವರನ್ನು ಮೊದಲು ತನ್ನವರೆಂದು ಹೆಸರಿಸಲಿ.