ಶಸ್ತ್ರ ಮಿತಿ ಒಪ್ಪಂದಗಳು ಮತ್ತು ತಪಾಸಣೆ: ನ್ಯಾಟೊ ಅನುಭವ, 1996ರ ಭಾರತ–ಚೀನಾ ಒಪ್ಪಂದ

1996ರ ನವೆಂಬರ್ 29ರಂದು ನವದೆಹಲಿಯಲ್ಲಿ ಭಾರತ ಮತ್ತು ಚೀನಾ ಮಹತ್ವದ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಹಾಸನ ಜಿಲ್ಲೆಯ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಆಗ ಪ್ರಧಾನಮಂತ್ರಿ. ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ಭಾರತ ಪ್ರವಾಸದಲ್ಲಿದ್ದರು. ವಾಸ್ತವ ನಿಯಂತ್ರಣ ರೇಖೆಯ ಉದ್ದಕ್ಕೂ ಸೇನೆ ಹಾಗೂ ಶಸ್ತ್ರಾಸ್ತ್ರಗಳನ್ನು ಪರಸ್ಪರ ಒಪ್ಪಿದ ಮಿತಿಗೆ ಇಳಿಸುವುದು ಒಪ್ಪಂದದ ಆಶಯವಾಗಿತ್ತು. ಆ ಆಶಯ ಎಷ್ಟರಮಟ್ಟಿಗೆ ಈಡೇರಿತು ಎಂಬುದನ್ನು ಅರಿಯಲು ಇಂಥದೇ ಪ್ರಯತ್ನ ಯುರೋಪಿನಲ್ಲಿ ನಡೆದ ಬಗೆಯನ್ನು ತಿಳಿಯುವುದು ಅಗತ್ಯ.

ಏನಿದು ಶಸ್ತ್ರ ನಿಯಂತ್ರಣ?

ಅಣ್ವಸ್ತ್ರ, ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳನ್ನು ಹೊರತುಪಡಿಸಿ ಟ್ಯಾಂಕ್, ಫಿರಂಗಿ, ಯುದ್ಧವಿಮಾನ ಮೊದಲಾದವನ್ನು ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳೆಂದು ಕರೆಯಲಾಗುತ್ತದೆ. ಇವುಗಳ ಪರಿಣಾಮಕಾರಿ ನಿಯಂತ್ರಣಕ್ಕೆ ಮೂರು ಅಂಗಗಳು ಬೇಕು: ಸಂಖ್ಯೆಗೆ ಮಿತಿ, ಮಾಹಿತಿಯ ವಿನಿಮಯ ಮತ್ತು ಸ್ಥಳದಲ್ಲೇ ತಪಾಸಣೆ. ಮೂರನೆಯದು ಇಲ್ಲದಿದ್ದರೆ ಮೊದಲೆರಡು ಕಾಗದದ ಮೇಲಿನ ಮಾತಾಗಿಯೇ ಉಳಿಯುವ ಅಪಾಯವಿದೆ.

ನ್ಯಾಟೊ ಪಾತ್ರ

ಶೀತಲ ಸಮರದ ಅಂತ್ಯದಲ್ಲಿ, 1990ರ ನವೆಂಬರ್ 19ರಂದು, ಯುರೋಪಿನ ಸಾಂಪ್ರದಾಯಿಕ ಪಡೆಗಳ ಒಪ್ಪಂದಕ್ಕೆ ಪ್ಯಾರಿಸ್‌ನಲ್ಲಿ ಸಹಿ ಬಿದ್ದಿತು. ನ್ಯಾಟೊದ 16 ಮತ್ತು ವಾರ್ಸಾ ಕೂಟದ 6, ಒಟ್ಟು 22 ರಾಷ್ಟ್ರಗಳು ಇದರಲ್ಲಿ ಭಾಗಿಯಾದವು. ಅಟ್ಲಾಂಟಿಕ್‌ನಿಂದ ಉರಲ್ ಪರ್ವತದವರೆಗಿನ ಪ್ರದೇಶದಲ್ಲಿ ಪ್ರತಿ ಗುಂಪಿಗೆ 20,000 ಟ್ಯಾಂಕ್, 30,000 ಶಸ್ತ್ರಸಜ್ಜಿತ ವಾಹನ, 20,000 ಫಿರಂಗಿ, 6,800 ಯುದ್ಧವಿಮಾನ ಮತ್ತು 2,000 ದಾಳಿ ಹೆಲಿಕಾಪ್ಟರ್‌ಗಳ ಮಿತಿಯನ್ನು ನಿಗದಿಪಡಿಸಲಾಯಿತು. ಇದರ ಫಲವಾಗಿ 50 ಸಾವಿರಕ್ಕೂ ಹೆಚ್ಚು ಯುದ್ಧೋಪಕರಣಗಳನ್ನು ನಾಶಪಡಿಸಲಾಯಿತು ಅಥವಾ ಸೇನಾ ಬಳಕೆಯಿಂದ ತೆಗೆಯಲಾಯಿತು.

ಒಪ್ಪಂದಕ್ಕೆ ಸಹಿ ಹಾಕಿದ್ದು ನ್ಯಾಟೊ ಅಲ್ಲ, ಅದರ ಸದಸ್ಯ ರಾಷ್ಟ್ರಗಳು. ಆದರೆ ತಪಾಸಣೆಯ ಕಾರ್ಯವನ್ನು ಹೊಂದಿಸಿದ್ದು ಕೂಟವೇ. ಒಂದು ದೇಶ ವರ್ಷಕ್ಕೆ ಇಂತಿಷ್ಟೇ ತಪಾಸಣೆಗಳನ್ನು ಒಪ್ಪಿಕೊಳ್ಳಬೇಕೆಂಬ ಮಿತಿ ಇದ್ದುದರಿಂದ ಇಬ್ಬರು ಮಿತ್ರರು ಒಂದೇ ನೆಲೆಗೆ ಹೋದರೆ ಅವಕಾಶ ವ್ಯರ್ಥವಾಗುತ್ತಿತ್ತು. ಇದನ್ನು ತಪ್ಪಿಸಲು 1990ರಲ್ಲಿ ರಚನೆಯಾದ ಸಮನ್ವಯ ಸಮಿತಿಯು ಸದಸ್ಯರ ಭೇಟಿಗಳನ್ನು ಹಂಚಿತು. ಕಂಡದ್ದನ್ನೆಲ್ಲ ಒಂದೇ ದತ್ತಾಂಶ ಸಂಗ್ರಹದಲ್ಲಿ ದಾಖಲಿಸಿ, ಎಲ್ಲ ಸದಸ್ಯರಿಗೂ ಲಭ್ಯವಾಗಿಸಿತು. ಹೀಗಾಗಿ ಸಣ್ಣ ದೇಶಕ್ಕೂ ದೊಡ್ಡ ದೇಶದಷ್ಟೇ ಮಾಹಿತಿ ದೊರೆಯಿತು.

ಈ ವ್ಯವಸ್ಥೆಯೂ ಶಾಶ್ವತವಾಗಲಿಲ್ಲ. 1991ರಲ್ಲಿ ವಾರ್ಸಾ ಕೂಟ ವಿಸರ್ಜನೆಗೊಂಡಿತು. ಅದರ ಹಲವು ಸದಸ್ಯರು ನ್ಯಾಟೊ ಸೇರಿದರು. 1999ರಲ್ಲಿ ಇಸ್ತಾಂಬುಲ್‌ನಲ್ಲಿ ಒಪ್ಪಂದವನ್ನು ಪರಿಷ್ಕರಿಸಲಾಯಿತಾದರೂ, ಜಾರ್ಜಿಯಾ ಮತ್ತು ಮಾಲ್ಡೋವಾದಿಂದ ರಷ್ಯಾ ಸೇನೆ ಹಿಂದೆ ಸರಿಯದ ಕಾರಣ ನ್ಯಾಟೊ ದೇಶಗಳು ಅದನ್ನು ಅನುಮೋದಿಸಲಿಲ್ಲ. 2007ರಲ್ಲಿ ರಷ್ಯಾ ಪಾಲನೆಯನ್ನು ಸ್ಥಗಿತಗೊಳಿಸಿತು. 2023ರ ನವೆಂಬರ್ 7ರಂದು ಸಂಪೂರ್ಣವಾಗಿ ಹೊರಬಂದಿತು. ಅದೇ ದಿನ ನ್ಯಾಟೊ ಸದಸ್ಯರು ಕೂಡ ಪಾಲನೆಯನ್ನು ಅಮಾನತಿನಲ್ಲಿಡುವುದಾಗಿ ಘೋಷಿಸಿದರು.

ಭಾರತ–ಚೀನಾ ಒಪ್ಪಂದ

1996ರ ಒಪ್ಪಂದ ಟ್ಯಾಂಕ್, ಪದಾತಿ ಯುದ್ಧವಾಹನ, 75 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಫಿರಂಗಿ, 120 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಮಾರ್ಟರ್ ಹಾಗೂ ಕ್ಷಿಪಣಿಗಳನ್ನು ಹೆಸರಿಸಿತು. ಸುಮಾರು 15,000 ಸೈನಿಕರನ್ನು ಮೀರಿದ ಸಮರಾಭ್ಯಾಸವನ್ನು ಗಡಿರೇಖೆಯ ಸಮೀಪ ನಡೆಸಬಾರದು, 5,000 ಮೀರಿದರೆ ಮುನ್ಸೂಚನೆ ನೀಡಬೇಕು, ಯುದ್ಧವಿಮಾನಗಳು 10 ಕಿ.ಮೀ. ಒಳಗೆ ಹಾರಬಾರದು, ರೇಖೆಯಿಂದ 2 ಕಿ.ಮೀ. ಒಳಗೆ ಗುಂಡು ಹಾರಿಸಬಾರದು ಎಂಬ ನಿಯಮಗಳೂ ಇದ್ದವು.

ಆದರೆ ಎಷ್ಟು ಟ್ಯಾಂಕ್, ಎಷ್ಟು ಫಿರಂಗಿ ಎಂಬ ಸಂಖ್ಯೆ ಅದರಲ್ಲಿರಲಿಲ್ಲ. ಅದನ್ನು ಮುಂದಿನ ಮಾತುಕತೆಗೆ ಬಿಡಲಾಯಿತು. ಸ್ಥಳ ತಪಾಸಣೆಯ ಅವಕಾಶವೂ ಇರಲಿಲ್ಲ. ಅನುಮಾನ ಬಂದಾಗ ಎದುರು ಪಕ್ಷದಿಂದ ಸ್ಪಷ್ಟೀಕರಣ ಕೇಳಬಹುದಿತ್ತು, ಅಷ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಗಡಿರೇಖೆ ಎಲ್ಲಿದೆ ಎಂಬ ಬಗ್ಗೆ ಸಮಾನ ತಿಳಿವಳಿಕೆ ಮೂಡದ ಹೊರತು ಕೆಲವು ವಿಧಿಗಳ ಪೂರ್ಣ ಜಾರಿ ಅಸಾಧ್ಯವೆಂದು ಒಪ್ಪಂದವೇ ಹೇಳಿತ್ತು. 2000ದಲ್ಲಿ ಮಧ್ಯ ವಲಯದ ನಕ್ಷೆಗಳಷ್ಟೇ ವಿನಿಮಯವಾದವು. ಲಡಾಖ್ ಒಳಗೊಂಡ ಪಶ್ಚಿಮ ವಲಯದ ಪ್ರಯತ್ನ ಅಲ್ಲಿಗೇ ನಿಂತಿತು.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಭಾರತದ 20 ಯೋಧರು ಹುತಾತ್ಮರಾದರು. ಚೀನಾ ತನ್ನ ಕಡೆ ನಾಲ್ವರು ಸತ್ತರೆಂದು ಒಪ್ಪಿಕೊಂಡಿತು. ಗುಂಡು ಹಾರಿಸಬಾರದೆಂಬ ನಿಯಮ ಆ ರಾತ್ರಿಯೂ ಪಾಲನೆಯಾಗಿತ್ತು. ಕಾದಾಟ ನಡೆದದ್ದು ದೊಣ್ಣೆ, ಕಲ್ಲುಗಳಿಂದ. ಸೇನೆ ಜಮಾವಣೆಯನ್ನು ತಡೆಯಬೇಕಿದ್ದ ವಿಧಿಗಳು ಮಾತ್ರ ಕೆಲಸ ಮಾಡಿರಲಿಲ್ಲ. ಬಳಿಕ ಕೆಲವೇ ತಿಂಗಳಲ್ಲಿ, ದಶಕಗಳ ನಂತರ ಮೊದಲ ಬಾರಿಗೆ, ರೇಖೆಯ ಬಳಿ ಗುಂಡಿನ ಸದ್ದೂ ಕೇಳಿಬಂದಿತು. ದೆಪ್ಸಾಂಗ್ ಮತ್ತು ದೆಮ್ಚೋಕ್‌ನಲ್ಲಿ ಗಸ್ತು ಕುರಿತ ಒಮ್ಮತ ಮೂಡಿದ್ದು 2024ರ ಅಕ್ಟೋಬರ್‌ನಲ್ಲಿ.

ತಪಾಸಣೆ ಇದ್ದ ಮಾತ್ರಕ್ಕೆ ಒಪ್ಪಂದ ಮುರಿಯುವುದಿಲ್ಲವೆಂದಲ್ಲ. ಯುರೋಪಿನ ಇತಿಹಾಸವೇ ಅದಕ್ಕೆ ಸಾಕ್ಷಿ. ಆದರೆ ಎದುರಿನ ನೆಲೆಯಲ್ಲಿ ಏನಿದೆ ಎಂಬುದನ್ನು ಅಲ್ಲಿ ಹಲವು ವರ್ಷ ಎಣಿಸಿ ನೋಡಲು ಸಾಧ್ಯವಾಗಿತ್ತು. ಹಿಮಾಲಯದಲ್ಲಿ ಎಣಿಕೆ ಎಲ್ಲಿಂದ ಆರಂಭವಾಗಬೇಕೆಂಬ ರೇಖೆಯೇ ಇನ್ನೂ ನಿರ್ಧಾರವಾಗಬೇಕಿದೆ.